ಮನೆಮಂದಿಯ ಬಟ್ಟೆಯಲ್ಲಿ ಮನೆಯ ಕಥೆ: ಕೌದಿ ಹೊಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆ ಸೀರೆ, ಧೋತರ, ಅಂಗಿ, ಕುಪ್ಪಸಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಕೂರಿಸಿ, ಕೈಯಲ್ಲೇ ಸಾಲು ಹೊಲಿಗೆ ಹಾಕಿದ ಹೊದಿಕೆ ಕೌದಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಅದು ಹಾಸಲಿಕ್ಕೂ ಹೊದೆಯಲಿಕ್ಕೂ ಇರುವ ವಸ್ತು. ಈಚೆಗೆ ಅದನ್ನು ಬೇರೊಂದು ಕಾರಣಕ್ಕೂ ಹೊಲಿಯಲು ಕೂರುವವರಿದ್ದಾರೆ. ಅಜ್ಜಿ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಉಳಿದ ಸೀರೆಗಳನ್ನು ಏನು ಮಾಡುವುದು, ಮಗುವಿನ ಮೊದಲ ವರ್ಷದ ಬಟ್ಟೆಗಳನ್ನು ಹೇಗೆ ಉಳಿಸಿಕೊಳ್ಳುವುದು, ಬಿಟ್ಟುಬಂದ ಊರಿನ ಮನೆಯನ್ನು ಯಾವುದರಲ್ಲಿ ಹಿಡಿದಿಡುವುದು ಎಂದು ಯೋಚಿಸುವವರು ಅವರು. ಕೆಳಗಿನ ಉತ್ತರಗಳು ಮುಖ್ಯವಾಗಿ ಅವರಿಗಾಗಿ.

ಕೌದಿಯಲ್ಲಿ ಚಿತ್ರವೇ ಇರುವುದಿಲ್ಲ. ಅದು ಕಥೆ ಹೇಳುವುದು ಹೇಗೆ?

ಬಟ್ಟೆಯೇ ಹೇಳುತ್ತದೆ. ಉಟ್ಟು ಒಗೆದು ಸವೆದ ಸೀರೆಯಲ್ಲಿ ಉಟ್ಟವರ ಗುರುತು ಉಳಿದಿರುತ್ತದೆ: ಸೊಂಟಕ್ಕೆ ಸಿಕ್ಕಿಸುವ ಕಡೆ ನೂಲು ತೆಳುವಾಗಿರುತ್ತದೆ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡ ಸುಕ್ಕು ಹೋಗಿರುವುದಿಲ್ಲ, ಅಂಗಿಯ ಕಾಲರಿನ ಒಳಮಗ್ಗುಲು ಬಿಳುಚಿರುತ್ತದೆ. ಚಿತ್ರ ಬರೆದರೆ ನೋಡಿದವರಿಗೆಲ್ಲ ಅರ್ಥವಾಗುತ್ತದೆ. ಕೌದಿಯ ತುಂಡು ಮಾತ್ರ ಆ ಬಟ್ಟೆಯನ್ನು ಬಲ್ಲವರಿಗಷ್ಟೇ ಮಾತಾಡುತ್ತದೆ. ಅದೇ ಅದರ ಬಲ, ಅದೇ ಅದರ ಅಪಾಯ ಕೂಡ. ಯಾವ ತುಂಡು ಯಾರದ್ದು ಎಂದು ಬರೆದಿಡದಿದ್ದರೆ ಮುಂದಿನ ತಲೆಮಾರಿಗೆ ಅದು ಬರೀ ಬಣ್ಣದ ಚೌಕ. ಆದ್ದರಿಂದ ಹೊಲಿಗೆಗಿಂತ ಮೊದಲು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಈ ಮಾತು ಕೆಳಗೆ ಮತ್ತೆ ಬರುತ್ತದೆ.

ಕೌದಿ, ಕವಂದಿ, ಕಾಂಥಾ, ಸುಜನಿ ಎಲ್ಲ ಒಂದೇ ಅಲ್ಲವೇ?

ಹಳೆ ಬಟ್ಟೆಯ ಪದರಗಳನ್ನು ರನ್ನಿಂಗ್ ಹೊಲಿಗೆಯಿಂದ, ಅಂದರೆ ಸೂಜಿ ಮೇಲೆ ಕೆಳಗೆ ಹೋಗುತ್ತ ಮುಂದೆ ಸಾಗುವ ಸಾಲು ಹೊಲಿಗೆಯಿಂದ, ಹಿಡಿಸುವುದು ಎಲ್ಲದಕ್ಕೂ ಸಾಮಾನ್ಯ. ಉಳಿದದ್ದು ಬೇರೆ ಬೇರೆ.

ಬಂಗಾಳದ ಕಾಂಥಾದಲ್ಲಿ ಬಿಳಿ ಸೀರೆಯ ಮೇಲೆ ಹೂ, ಪ್ರಾಣಿ, ಮನುಷ್ಯರ ಚಿತ್ರಗಳು ಹೊಲಿಗೆಯಲ್ಲೇ ಮೂಡುತ್ತವೆ. ಅದಕ್ಕೆ ಬಣ್ಣದ ನೂಲನ್ನು ಹಿಂದೆಲ್ಲ ಹಳೆ ಸೀರೆಯ ಅಂಚಿನಿಂದ ಎಳೆದು ತೆಗೆಯುತ್ತಿದ್ದರು. ಬಿಹಾರದ ಸುಜನಿಯಲ್ಲಿ ಹೆಣ್ಣುಮಕ್ಕಳು ತಮ್ಮ ಬದುಕಿನ ಸಂಗತಿಗಳನ್ನೇ, ವರದಕ್ಷಿಣೆಯನ್ನೂ ಸೇರಿಸಿ, ಚಿತ್ರವಾಗಿ ಹೊಲಿಯುತ್ತಾರೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಣ್ಣುಮಕ್ಕಳ ಕವಂದಿಯ ರೀತಿ ಇನ್ನೊಂದು. ಮೇಲಿನ ಪದರವನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ತುಂಡು ಕೂರಿಸುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಚಿದ ತ್ರಿಕೋನದ ತುಂಡುಗಳನ್ನು ಪದರವಾಗಿ ಇಡುತ್ತಾರೆ. ಅವಕ್ಕೆ ಫೂಲ, ಅಂದರೆ ಹೂವು, ಎಂದು ಹೆಸರು. ಫೂಲ ಇಲ್ಲದ ಕವಂದಿಯನ್ನು ಅವರು ಪೂರ್ತಿಯಾದದ್ದೆಂದು ಎಣಿಸುವುದಿಲ್ಲ. ಹೊಸಬರಿಗೆ ನಾವು ಹೇಳಿಕೊಡುವುದು ಈ ಸುತ್ತಿನ ರೀತಿಯನ್ನೇ, ಏಕೆಂದರೆ ಕಥೆಯನ್ನು ಸುತ್ತಾಗಿ ಜೋಡಿಸಲು ಅದು ತಾನಾಗಿ ಒದಗುತ್ತದೆ. ಕಲಿತದ್ದು ಯಾರಿಂದ ಎಂಬುದನ್ನು ಹೇಳಿಕೊಳ್ಳುವುದು ಕಲಿತವರ ಹೊಣೆ.

ಹೊರದೇಶಗಳಲ್ಲೂ ಹೀಗೆ ಬಟ್ಟೆಯಲ್ಲಿ ಸ್ವಂತ ಕಥೆ ಹೇಳಿದ್ದಾರೆಯೇ?

ಬೇಕಾದಷ್ಟು. ಎರಡು ಉದಾಹರಣೆಗಳಿಂದ ನಮ್ಮ ಕೆಲಸಕ್ಕೆ ನೇರ ಉಪಯೋಗವಿದೆ. ಚಿಲಿಯಲ್ಲಿ 1973ರ ಸೈನಿಕ ದಂಗೆಯ ನಂತರ ಕಾಣೆಯಾದವರ ಮನೆಯ ಹೆಂಗಸರು ಗೋಣಿ ಬಟ್ಟೆಯ ಮೇಲೆ ಚಿಂದಿ ಜೋಡಿಸಿ ಆರ್ಪಿಯೇರಾ ಎಂಬ ಚಿತ್ರಗಳನ್ನು ಹೊಲಿದರು. ಕೆಲವದರ ಹಿಂದೆ ಪುಟ್ಟ ಜೇಬು ಇರುತ್ತಿತ್ತು, ಅದರೊಳಗೆ ಬರೆದ ಚೀಟಿ. ಅಮೆರಿಕದಲ್ಲಿ ಏಡ್ಸ್‌ನಿಂದ ತೀರಿಕೊಂಡವರ ನೆನಪಿಗೆ ಮಾಡಿದ ದೊಡ್ಡ ಹೊದಿಕೆಯನ್ನು 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್‌ನಲ್ಲಿ ಹಾಸಿದಾಗ ಅದರಲ್ಲಿ 1,920 ಭಾಗಗಳಿದ್ದವು. ಪ್ರತಿಯೊಂದೂ 3 ಅಡಿ ಅಗಲ, 6 ಅಡಿ ಉದ್ದ. ಅಳತೆ ಒಂದೇ ಇಟ್ಟು ಒಳಗಿನದನ್ನು ಅವರವರಿಗೆ ಬಿಟ್ಟದ್ದರಿಂದ ಎಷ್ಟೋ ಊರುಗಳವರು ಹೊಲಿದದ್ದು ಒಂದಾಗಲು ಸಾಧ್ಯವಾಯಿತು. ಮನೆಮಂದಿ ನಾಲ್ಕು ಊರುಗಳಲ್ಲಿ ಹಂಚಿಹೋಗಿದ್ದರೆ ಅದೇ ದಾರಿ ಹಿಡಿಯಿರಿ: ಒಬ್ಬೊಬ್ಬರೂ 2 ಅಡಿಯ ಚೌಕ ಹೊಲಿದು ಕಳಿಸಲಿ, ಒಬ್ಬರು ಜೋಡಿಸಲಿ.

ಯಾವ ಬಟ್ಟೆ ಬರುತ್ತದೆ, ಯಾವುದು ಬರುವುದಿಲ್ಲ?

ಮೆತ್ತಗಾದ ಹತ್ತಿ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಹತ್ತಿ ಸೀರೆ, ಧೋತರ, ಪಂಚೆ, ಹಳೆ ಹಾಸಿಗೆ ಹೊದಿಕೆ, ಅಂಗಿ, ಮಕ್ಕಳ ಜಬಲಾ, ಕುಂಚಿಗೆ ಎಲ್ಲವೂ ಸೂಜಿಗೆ ಒಗ್ಗುತ್ತವೆ. ಗುಳೇದಗುಡ್ಡದ ಖಣದ ಕುಪ್ಪಸ ಮೇಲಿನ ತುಂಡಿಗೆ ಚೆಂದ, ಆದರೆ ನೂಲು ಬೇಗ ಬಿಚ್ಚಿಕೊಳ್ಳುತ್ತದೆ. ಮಡಿಕೆಗೆ ಅರ್ಧ ಇಂಚಿನ ಬದಲು ಮುಕ್ಕಾಲು ಇಂಚು ಬಿಡಿ.

ಪಾಲಿಯೆಸ್ಟರ್, ಜಾರ್ಜೆಟ್ ಜಾರುತ್ತವೆ. ಹತ್ತಿ ಕುಗ್ಗಿದಾಗ ಇವು ಕುಗ್ಗದೆ ನಡುವೆ ಉಬ್ಬು ನಿಲ್ಲುತ್ತದೆ. ಬೇಕೇಬೇಕು ಎಂದರೆ ತುಂಡಿನ ಹಿಂದೆ ತೆಳು ಹತ್ತಿ ಬಟ್ಟೆ ಇಟ್ಟು ಎರಡನ್ನೂ ಒಂದೇ ಎಂಬಂತೆ ಮಡಚಿ ಹೊಲಿಯಿರಿ. ಜೀನ್ಸ್ ಬೇಡ; ನಾಲ್ಕು ಪದರದ ಮೇಲೆ ಅದರ ಮಡಿಕೆ ಬಂದರೆ ಸೂಜಿ ಹೋಗುವುದಿಲ್ಲ.

ಹಳೆ ರೇಷ್ಮೆ ಸೀರೆಯ ಬಗ್ಗೆ ಎಚ್ಚರ. ಮಡಿಕೆಯ ಗೆರೆಯಲ್ಲಿ ಅದು ಸೀಳಿಕೊಂಡಿದೆಯೇ ನೋಡಿ. ಎರಡು ಕೈಯಿಂದ ಮೆಲ್ಲಗೆ ಎಳೆದಾಗ ಚರ್ರೆಂದರೆ ಆ ಸೀರೆಯಲ್ಲಿ ಬಲ ಉಳಿದಿಲ್ಲ. ಹೊದೆಯುವ ಕೌದಿಗೆ ಅದನ್ನು ಹಾಕಬೇಡಿ, ಗೋಡೆಗೆ ತೂಗುವ ಚಿಕ್ಕದಕ್ಕೆ ಇಡಿ.

ಅಜ್ಜಿಯ ಸೀರೆಗೆ ಕತ್ತರಿ ಹಾಕಲು ಮನಸ್ಸು ಬರುತ್ತಿಲ್ಲ.

ಹಾಗಾದರೆ ಇಡೀ ಸೀರೆಯನ್ನು ಬಿಟ್ಟುಬಿಡಿ. ಒಳಗೆ ಮಡಚಿ ಹೊಲಿದಿದ್ದ ಫಾಲ್ಸ್, ಅಂಚಿನ ಒಂದು ಗೇಣು, ಜೊತೆಯ ಕುಪ್ಪಸದ ತೋಳು, ಇಷ್ಟರಲ್ಲೇ ಎರಡು ಮೂರು ತುಂಡು ಸಿಗುತ್ತವೆ. ಇನ್ನೊಂದು ದಾರಿಯೂ ಇದೆ: ಸೀರೆಯನ್ನು ಕತ್ತರಿಸದೆ ಒಳಪದರವಾಗಿ ಮಡಚಿ ಇಡುವುದು. ಕಾಣುವುದಿಲ್ಲ, ಆದರೆ ಹೊದ್ದವರ ಮೈಮೇಲೆ ಇರುತ್ತದೆ. ಮುಂದೆ ಯಾರಾದರೂ ಹೊಲಿಗೆ ಬಿಚ್ಚಿದರೆ ಸೀರೆ ಸೂಜಿಯ ತೂತುಗಳೊಂದಿಗೆ ಇಡಿಯಾಗಿಯೇ ಸಿಗುತ್ತದೆ.

ಕತ್ತರಿಸುವುದೆಂದು ತೀರ್ಮಾನಿಸಿದರೆ ಮೊದಲು ಹಗಲು ಬೆಳಕಿನಲ್ಲಿ ಪೂರ್ತಿ ಹರಡಿ ಫೋಟೊ ತೆಗೆಯಿರಿ. ಸೆರಗು, ಒಡಲು, ಅಂಚು ಮೂರಕ್ಕೂ ಬೇರೆ ಬೇರೆ. ಮನೆಯಲ್ಲಿ ಆ ಸೀರೆಯ ಮೇಲೆ ಮಮತೆಯಿರುವ ಬೇರೆಯವರನ್ನೂ ಕೇಳಿ. ಕೌದಿ ಹೊಲಿದ ಮೇಲೆ ಅತ್ತೆಯೋ ಚಿಕ್ಕಮ್ಮನೋ "ನನಗೊಂದು ಮಾತು ಕೇಳಬಾರದಿತ್ತೇ" ಎಂದರೆ ಅದನ್ನು ಯಾವ ಹೊಲಿಗೆಯೂ ಸರಿಮಾಡುವುದಿಲ್ಲ.

ಒಗೆದರೆ ಅಮ್ಮನ ವಾಸನೆ ಹೋಗುತ್ತದೆ. ಒಗೆಯದೆ ಹೊಲಿಯಬಹುದೇ?

ಬೇಡ. ಬೆವರು, ಎಣ್ಣೆ, ಗಂಜಿ ಉಳಿದ ಬಟ್ಟೆಗೆ ಹುಳ ಹತ್ತುತ್ತದೆ, ಒಳಪದರದಲ್ಲಿ ಹತ್ತಿದರೆ ಗೊತ್ತೇ ಆಗುವುದಿಲ್ಲ. ಒಂದು ಕರವಸ್ತ್ರದಷ್ಟು ತುಂಡನ್ನು ಒಗೆಯದೆ ಕತ್ತರಿಸಿ, ಬಿಳಿ ಹತ್ತಿ ಚೀಲದಲ್ಲಿ ಬೇರೆಯಾಗಿ ಇಟ್ಟುಕೊಳ್ಳಿ. ಉಳಿದದ್ದನ್ನೆಲ್ಲ ಒಗೆಯಿರಿ.

ಬಣ್ಣ ಬಿಡುವ ಬಟ್ಟೆಯನ್ನು ಉಪ್ಪುನೀರಿನಲ್ಲಿ ನೆನೆಸಿದರೆ ಸಾಕೇ?

ಸಾಲದು. ಬಣ್ಣ ಹಾಕುವಾಗ ಉಪ್ಪಿಗೆ ಕೆಲಸವಿದೆ. ಈಗಾಗಲೇ ಬಣ್ಣವಾದ ಬಟ್ಟೆಯ ಬಣ್ಣವನ್ನು ಅದು ಕಟ್ಟಿಹಾಕುವುದಿಲ್ಲ, ವಿನಿಗರ್ ಕೂಡ ಹಾಗೆಯೇ. ಪರೀಕ್ಷೆ ಹೀಗೆ ಮಾಡಿ: ಬಟ್ಟೆಯ ಮೂಲೆಯನ್ನು ಸೋಪುಪುಡಿ ಬೆರೆಸಿದ ಬಿಸಿನೀರಿನಲ್ಲಿ 30 ನಿಮಿಷ ಅದ್ದಿಡಿ. ತೆಗೆದು, ಎರಡು ಬಿಳಿ ಬಟ್ಟೆಗಳ ನಡುವೆ ಒತ್ತಿ, ಒಣಗುವ ತನಕ ಹಾಗೇ ಬಿಡಿ. ಬಿಳಿಯ ಮೇಲೆ ಕಲೆ ಕಂಡರೆ ಆ ಬಟ್ಟೆಯನ್ನು ಬೇರೆಯಾಗಿ, ನೀರು ತಿಳಿಯಾಗುವವರೆಗೆ ನಾಲ್ಕೈದು ಸಲ ಒಗೆದು ಮತ್ತೆ ಪರೀಕ್ಷಿಸಿ. ಆಗಲೂ ಬಿಟ್ಟರೆ ಅದನ್ನು ಕೌದಿಗೆ ಹಾಕಬಾರದು. ಗಾಢ ಕೆಂಪು, ಕಪ್ಪು, ಕಡುನೀಲಿ ಬಟ್ಟೆಗಳಲ್ಲೇ ಈ ತೊಂದರೆ ಹೆಚ್ಚು. ಪಕ್ಕದಲ್ಲಿ ಬಿಳಿ ಧೋತರದ ತುಂಡಿದ್ದರೆ ಮೊದಲ ಒಗೆತಕ್ಕೇ ಹಾಳು.

ಎಷ್ಟು ಬಟ್ಟೆ, ಎಷ್ಟು ದಾರ, ಎಷ್ಟು ದಿನ?

ಒಬ್ಬರು ಹೊದೆಯುವ 5 ಅಡಿ ಅಗಲ, 7 ಅಡಿ ಉದ್ದದ ಕೌದಿಯ ಲೆಕ್ಕ ಇದು.

ಕೆಳಪದರ ಒಂದು, ಒಳಪದರ ಎರಡು, ಮೇಲೆ ತುಂಡುಗಳು, ಒಟ್ಟು ನಾಲ್ಕು ಪದರ. ಐದೂವರೆ ಮೀಟರ್ ಸೀರೆಯಲ್ಲಿ 62 ಇಂಚು ಉದ್ದದ ಮೂರು ತುಂಡು ಬರುತ್ತವೆ. ಎರಡು ತುಂಡನ್ನು ಅಂಚಿನ ಕಡೆಯಿಂದ ಜೋಡಿಸಿದರೆ ಒಂದು ಪದರ. ಹೀಗೆ ಎರಡು ಸೀರೆಗೆ ಮೂರು ಪದರ ಸಿಕ್ಕಿ, ಎರಡರಲ್ಲೂ ಸುಮಾರು 30 ಇಂಚು ಮಿಗುತ್ತದೆ. ಅದನ್ನು ಮೇಲಿನ ತುಂಡಿಗೆ ಇಟ್ಟುಕೊಳ್ಳಿ. ಜೋಡಿಸುವ ಕಡೆಯ ಅಂಚನ್ನು ಮೊದಲೇ ಕತ್ತರಿಸಿ ತೆಗೆಯಬೇಕು. ಅಂಚಿನ ನೇಯ್ಗೆ ದಟ್ಟವಾದ್ದರಿಂದ ನಡುವೆ ಬಂದರೆ ಸೂಜಿಗೆ ಕಷ್ಟ, ಒಗೆದಾಗ ಒಡಲಿನಷ್ಟೇ ಕುಗ್ಗುವುದೂ ಇಲ್ಲ. ಹೊರಬದಿಯ ಅಂಚು ಇರಲಿ, ಅದು ಕೌದಿಯ ತಲೆಬದಿಗೂ ಕಾಲುಬದಿಗೂ ಬರುತ್ತದೆ. 46 ಇಂಚು ಅಗಲದ ಸೀರೆಗೆ 3 ಇಂಚಿನ ಅಂಚಿದ್ದರೆ ಜೋಡಿಸಿದ ಮೇಲೆ 85 ಇಂಚು ಸಿಗುತ್ತದೆ, 7 ಅಡಿಗೆ ಸರಿಹೋಗುತ್ತದೆ. ದೊಡ್ಡ ಅಂಚಿನ ಇಳಕಲ್ ಸೀರೆಯಾದರೆ ಕೌದಿಯ ಉದ್ದವನ್ನು ಅಷ್ಟು ಕಡಿಮೆ ಮಾಡಿಕೊಳ್ಳಿ.

ಮೇಲಿನ ತುಂಡುಗಳು ಹೊಲಿದ ಮೇಲೆ 6 ಇಂಚಿನ ಚೌಕವಾಗಬೇಕು. ಕತ್ತರಿಸುವಾಗ 7 ಇಂಚು. ಸುತ್ತಿನ ರೀತಿಯಲ್ಲಿ ಹೊರಸುತ್ತಿಗೆ 44, ಎರಡನೆಯದಕ್ಕೆ 36, ಮೂರನೆಯದಕ್ಕೆ 28, ನಾಲ್ಕನೆಯದಕ್ಕೆ 20, ಒಟ್ಟು 128 ತುಂಡು. ನಡುವೆ 12 ಇಂಚು ಅಗಲ, 36 ಇಂಚು ಉದ್ದದ ಜಾಗ ಉಳಿಯುತ್ತದೆ. ಅದನ್ನು 12 ಚೌಕಗಳಿಂದ ತುಂಬಬಹುದು. ಸೆರಗಿನ ಒಂದೇ ತುಂಡು ಅಲ್ಲಿ ಕೂತರೆ ಇಡೀ ಕೌದಿ ಅದನ್ನೇ ನೋಡುತ್ತಿರುವಂತೆ ಕಾಣುತ್ತದೆ. ಗಂಡಸರ ಒಂದು ಅಂಗಿಯ ಬೆನ್ನಿನಲ್ಲಿ ಆರು ತುಂಡು ಸಿಗುತ್ತವೆ, ಕುಪ್ಪಸದಲ್ಲಿ ಮೂರೋ ನಾಲ್ಕೋ, ಕೂಸಿನ ಜಬಲಾದಲ್ಲಿ ಒಂದೋ ಎರಡೋ.

ಸಾಲುಗಳ ನಡುವೆ ಅರ್ಧ ಇಂಚು ಬಿಟ್ಟರೆ ಹೊಲಿಗೆಯ ಒಟ್ಟು ಉದ್ದ ಸುಮಾರು 255 ಮೀಟರ್. ಬಟ್ಟೆಯೊಳಗೆ ಏರಿಳಿಯುವುದು, ಗಂಟು, ತುದಿ ಸೇರಿ 320 ಮೀಟರ್ ದಾರ ಹಿಡಿಯಿರಿ. ಮಶೀನಿನ ತೆಳು ದಾರವನ್ನು ಎರಡೆಳೆ ಮಾಡಿ ಹೊಲಿದರೆ ಅದರ ಎರಡರಷ್ಟು. ಕಾಲಿಂಚು ಮೇಲೆ, ಕಾಲಿಂಚು ಕೆಳಗೆ ಎಂದು ಹಾಕಿದರೆ 20,000ಕ್ಕೂ ಹೆಚ್ಚು ಹೊಲಿಗೆ. ನಿಮಿಷಕ್ಕೆ 12ರಂತೆ 28 ತಾಸು ಬರೀ ಸೂಜಿಯ ಕೆಲಸ. ಕತ್ತರಿಸುವುದು, ಹಾಸುವುದು, ಮಡಿಕೆ ಕೂರಿಸುವುದು ಸೇರಿದರೆ 50 ತಾಸಿನ ಆಸುಪಾಸು. ದಿನಕ್ಕೊಂದು ತಾಸು ಕೂತರೆ ಎರಡು ತಿಂಗಳೊಳಗೆ ಮುಗಿಯುತ್ತದೆ.

ಮೊದಲ ಸಲವಾದರೆ ಇಷ್ಟು ದೊಡ್ಡದಕ್ಕೆ ಕೈಹಾಕಬೇಡಿ. 2 ಅಡಿ ಚೌಕದ್ದೊಂದು, 16 ತುಂಡಿನದು, ಹೊಲಿದು ನೋಡಿ.

ಯಾವ ತುಂಡು ಎಲ್ಲಿ? ಕಥೆಯ ಕ್ರಮ ಹೇಗೆ?

ಎರಡು ಕ್ರಮಗಳು ಚೆನ್ನಾಗಿ ನಿಲ್ಲುತ್ತವೆ. ಒಂದು, ತಲೆಮಾರಿನ ಕ್ರಮ: ಹೊರಸುತ್ತಿನಲ್ಲಿ ಈಗಿನವರು, ಒಳಗೆ ಹೋದಂತೆ ಹಿರಿಯರು, ನಡುವೆ ಯಾರಿಂದ ಮನೆ ಶುರುವಾಯಿತೋ ಅವರ ಬಟ್ಟೆ. ಇನ್ನೊಂದು, ಒಬ್ಬರದೇ ಬದುಕಿನ ಕ್ರಮ: ಕುಂಚಿಗೆಯಿಂದ ಶಾಲೆಯ ಅಂಗಿ, ಮದುವೆಯ ಸೀರೆ, ಬಾಣಂತನದ ಸೀರೆ, ಕಡೆಯ ದಿನಗಳ ನೈಟಿಯವರೆಗೆ.

ಆದರೆ ಕ್ರಮ ಎಷ್ಟೇ ಚೆಂದವಿರಲಿ, ಬಟ್ಟೆಯ ಬಲದ ಮಾತನ್ನು ಮೊದಲು ಕೇಳಬೇಕು. ಕೌದಿ ಎಲ್ಲಕ್ಕಿಂತ ಬೇಗ ಹರಿಯುವುದು ಹೊರ ಅಂಚಿನಲ್ಲಿ, ಅದರಲ್ಲೂ ಕೈ ಹಿಡಿದೆಳೆಯುವ ತಲೆಬದಿಯಲ್ಲಿ. ಅಲ್ಲಿ ಹೊಸದಾದ ಗಟ್ಟಿ ಬಟ್ಟೆ ಬರಲಿ, ತೆಳುವಾದ ಹಳೆಯದು ಒಳಸುತ್ತಿಗೆ ಹೋಗಲಿ. ಮೊದಲನೆಯ ಕ್ರಮದಲ್ಲಿ ಹಿರಿಯರನ್ನು ನಡುವೆ ಇಟ್ಟದ್ದಕ್ಕೆ ಇದೂ ಒಂದು ಕಾರಣ.

ಎಲ್ಲ ತುಂಡನ್ನೂ ನೆಲದ ಮೇಲೆ ಹಾಸಿ, ಕುರ್ಚಿಯ ಮೇಲೆ ನಿಂತು ನೋಡಿ. ಒಂದೇ ಕಡೆ ಗಾಢ ಬಣ್ಣ ಗುಂಪುಗೂಡಿದ್ದರೆ ಕಣ್ಣಿಗೆ ತೂತಿನಂತೆ ಕಾಣುತ್ತದೆ. ಫೋಟೊ ತೆಗೆದು ಕಪ್ಪುಬಿಳುಪು ಮಾಡಿದರೆ ಇದು ತಕ್ಷಣ ತಿಳಿಯುತ್ತದೆ. ಕಲೆ, ತೇಪೆ, ಜೇಬು, ಗುಂಡಿಪಟ್ಟಿ ಇವನ್ನು ಕತ್ತರಿಸಿ ಎಸೆಯಬೇಡಿ. ಅಪ್ಪನ ಅಂಗಿಯ ಜೇಬು ಜೇಬಾಗಿಯೇ ಬರಲಿ. ಅದರೊಳಗೆ ಬಟ್ಟೆಯ ಮೇಲೆ ಹೊಲಿದ ನಾಲ್ಕು ಸಾಲು ಇಡಬಹುದು. ಗುಂಡಿಗಳನ್ನು ಮಾತ್ರ ಮಗುವಿನ ಕೌದಿಯಿಂದ ತೆಗೆಯಲೇಬೇಕು, ಬಾಯಿಗೆ ಹೋಗುತ್ತವೆ.

ಹೊಲಿಯುವುದು ಹೇಗೆ? ಹಂತ ಹಂತವಾಗಿ ಹೇಳಿ.

ನೆಲ ಒರೆಸಿ, ಕೆಳಪದರವನ್ನು ಅದರ ಚೆಂದದ ಮಗ್ಗುಲು ನೆಲಕ್ಕೆ ತಾಗುವಂತೆ ಹಾಸಿ. ನಾಲ್ಕೂ ಬದಿಗೆ ಏನಾದರೂ ಭಾರ ಇಡಿ. ಮೇಲೆ ಒಳಪದರಗಳು ಬರಲಿ. ಒಳಪದರದ ಎರಡು ತುಂಡುಗಳನ್ನು ಜೋಡಿಸಿ ಹೊಲಿಯಬೇಕಾಗಿಲ್ಲ, ಅಂಚಿಗೆ ಅಂಚು ತಾಗಿಸಿಟ್ಟರೆ ಸಾಲು ಹೊಲಿಗೆಯೇ ಹಿಡಿಯುತ್ತದೆ, ಗೆರೆ ಉಬ್ಬುವುದಿಲ್ಲ. ಒಳಪದರ 60 ಇಂಚು, 84 ಇಂಚಿಗೆ ಸರಿಯಾಗಿರಲಿ. ಕೆಳಪದರದ ಹೆಚ್ಚುವರಿ ಅಂಚನ್ನು ಅದರ ಮೇಲೆ ಮಡಚಿ.

ಈಗ ಕಚ್ಚಾ ಹೊಲಿಗೆ, ಅಂದರೆ ಪದರಗಳು ಸರಿಯದಂತೆ ಹಿಡಿದಿಟ್ಟು ಕಡೆಗೆ ಬಿಚ್ಚುವ ತಾತ್ಕಾಲಿಕ ಹೊಲಿಗೆ. ನಡುವಿನಿಂದ ನಾಲ್ಕು ದಿಕ್ಕಿಗೆ, 2 ಇಂಚು ಉದ್ದದ ಹೊಲಿಗೆ, ಸಾಲಿನಿಂದ ಸಾಲಿಗೆ 8 ಇಂಚು ಅಂತರ. ಬೇಸರದ ಕೆಲಸ, ನಿಜ. ಇದನ್ನು ಬಿಟ್ಟವರ ಕೌದಿ ಒಂದೂ ಸಮತಟ್ಟಾಗಿ ಬಂದದ್ದಿಲ್ಲ.

ಆಮೇಲೆ ಎಡಗಡೆಯ ಕೆಳಮೂಲೆ. ಮೊದಲ ತುಂಡಿನ ಹೊರಗಿನ ಎರಡು ಬದಿಗಳನ್ನು ಅರ್ಧ ಇಂಚು ಒಳಗೆ ಮಡಚಿ ಅಂಚಿಗೆ ಸರಿಯಾಗಿ ಇಡಿ. ಒಳಗಿನ ಎರಡು ಬದಿಗಳು ಹಾಗೇ ಬಿಚ್ಚಿರಲಿ. ಅಂಚಿನಿಂದ ಎರಡು ನೂಲು ಒಳಗೆ ರನ್ನಿಂಗ್ ಹೊಲಿಗೆ ಹಾಕುತ್ತ ಹೋಗಿ. ತುಂಡು ಮುಗಿಯುವ ಮೊದಲು ಮುಂದಿನದನ್ನು ಇಡಿ: ಹೊಲಿದಾದ ತುಂಡಿನ ಕಡೆಗೆ ಬರುವ ಬದಿಯನ್ನು ಮಡಚಿ ಅದರ ಮೇಲೆ ಅರ್ಧ ಇಂಚು ಕೂರಿಸಬೇಕು. ಇಡೀ ಕೌದಿಗೆ ನಿಯಮ ಇದೊಂದೇ: ಹೊಲಿದ ಕಡೆಗಿರುವ ಬದಿಯನ್ನು ಮಡಚು, ಮುಂದೆ ಹೊಲಿಯಬೇಕಾದ ಕಡೆಯದನ್ನು ಬಿಚ್ಚಿಡು.

ಮೊದಲ ಸುತ್ತು ಮೂಲೆಗೆ ವಾಪಸು ಬಂದಾಗ ದಾರ ತುಂಡರಿಸದೆ ಅರ್ಧ ಇಂಚು ಒಳಗೆ ಸರಿದು ಎರಡನೇ ಸಾಲು ಹಿಡಿಯಿರಿ. 6 ಇಂಚಿನ ತುಂಡಿಗೆ ಹನ್ನೆರಡು ಸಾಲು ಬರುತ್ತವೆ. ಹನ್ನೊಂದು ಆದಾಗ ಒಳಸುತ್ತಿನ ತುಂಡುಗಳನ್ನು ಇಡಲು ಶುರುಮಾಡಿ. ಎಲ್ಲ ಸುತ್ತೂ ಹೀಗೆ. ನಡುವಿನ ತುಂಡಿಗೆ ಮಾತ್ರ ನಾಲ್ಕೂ ಬದಿ ಮಡಚಬೇಕು. ಕಡೆಗೆ ಕಚ್ಚಾ ಹೊಲಿಗೆ ಬಿಚ್ಚಿ.

ನಡುವೆ ಹೊಟ್ಟೆ ಬಂದಂತೆ ಉಬ್ಬುತ್ತಿದೆ. ಏಕೆ?

ಹೊರಗಿನಿಂದ ಒಳಗೆ ಹೊಲಿಯುವಾಗ ಪ್ರತಿ ಸಾಲೂ ಸಡಿಲ ಬಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ತಳ್ಳುತ್ತದೆ. ಮೇಲಿನ ತುಂಡುಗಳನ್ನು ಆಗಾಗ ಹೊಸದಾಗಿ ಇಡುವುದರಿಂದ ಅಲ್ಲಿ ಸರಿಹೋಗುತ್ತದೆ. ಕೆಳಗಿನ ಪದರಗಳಿಗೆ ಆ ಅವಕಾಶವಿಲ್ಲ. ಅದಕ್ಕೇ ಕಚ್ಚಾ ಹೊಲಿಗೆ. ಎರಡು ಸುತ್ತಿಗೊಮ್ಮೆ ಕೌದಿಯನ್ನು ನೆಲಕ್ಕೆ ಹಾಸಿ ಅಂಗೈಯಿಂದ ಸವರಿ ನೋಡಿ. ಉಬ್ಬು ಕಂಡರೆ ಅಲ್ಲಿಯ ಕಚ್ಚಾ ಹೊಲಿಗೆ ಬಿಚ್ಚಿ, ಒಳಪದರದಲ್ಲಿ ಸಣ್ಣ ಮಡಿಕೆ ಹಿಡಿದು ಮತ್ತೆ ಕಟ್ಟಿ.

ಎಲ್ಲೆಡೆ ಸಣ್ಣ ಸುಕ್ಕು ಎದ್ದಿದ್ದರೆ ಕಾರಣ ಬೇರೆ, ದಾರವನ್ನು ಬಿಗಿಯಾಗಿ ಎಳೆಯುತ್ತಿದ್ದೀರಿ. ಒಂದು ಗೇಣಿನಷ್ಟು ಹೊಲಿದ ಮೇಲೆ ಬಟ್ಟೆಯನ್ನು ಎರಡೂ ಕಡೆ ಹಿಡಿದು ಹಿಗ್ಗಿಸಿ, ದಾರ ತನ್ನ ಜಾಗ ಹಿಡಿಯುತ್ತದೆ. ಒಗೆದ ಮೇಲೆ ಬರುವ ನವಿರಾದ ಅಲೆಯಂಥ ಸುಕ್ಕು ಮಾತ್ರ ದೋಷವಲ್ಲ. ಕೌದಿಯ ಮೆತ್ತನೆಯ ಗುಣ ಅದರಲ್ಲೇ ಇದೆ.

ಸೂಜಿ ಬಾಗುತ್ತದೆ, ದಾರ ಪದೇ ಪದೇ ಹರಿಯುತ್ತದೆ.

ಉದ್ದನೆಯ, ಗಟ್ಟಿ ಸೂಜಿ ಬೇಕು. ಅದರ ಕಣ್ಣಿನಲ್ಲಿ ದಾರ ಸಲೀಸಾಗಿ ಓಡಾಡಬೇಕು. ಕಣ್ಣು ಸಣ್ಣದಾದರೆ ಅಲ್ಲೇ ಉಜ್ಜಿ ಹರಿಯುತ್ತದೆ. ದಾರ ಒಂದೂವರೆ ಮೊಳಕ್ಕಿಂತ ಉದ್ದ ಬೇಡ. ಜೇನುಮೇಣದ ಮೇಲೆ ಎರಡು ಸಲ ಎಳೆದರೆ ಸಿಕ್ಕು ಬೀಳುವುದಿಲ್ಲ. ನಡುಬೆರಳಿಗೆ ಅಂಗುಸ್ತಾನ, ಅಂದರೆ ಸೂಜಿ ಚುಚ್ಚದಂತೆ ಬೆರಳ ತುದಿಗೆ ಹಾಕುವ ಟೋಪಿ, ಹಾಕಿಕೊಳ್ಳಿ. 20,000 ಸಲ ಸೂಜಿ ತಳ್ಳುವ ಬೆರಳು ಅದು.

ಹೆಸರು, ಮಾತು, ಸಾಲುಗಳನ್ನು ಹೊಲಿಯುವುದು ಹೇಗೆ?

ಪದರಗಳ ಮೂಲಕ ಅಲ್ಲ. ಬೇರೆ ತುಂಡಿನ ಮೇಲೆ ಮೊದಲು ಹೊಲಿದು, ಆಮೇಲೆ ಅದನ್ನು ಕೌದಿಗೆ ಕೂರಿಸಬೇಕು.

ಕನ್ನಡದ ಅಕ್ಷರ ದುಂಡಗಿರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಗ್ಗುವ ಚೌಕುಳಿ ಹೊಲಿಗೆಯಲ್ಲಿ (ಕ್ರಾಸ್ ಸ್ಟಿಚ್) ಅದು ಮುರಿದುಬೀಳುತ್ತದೆ. ಬ್ಯಾಕ್ ಸ್ಟಿಚ್ (ಪ್ರತಿ ಸಲ ಹಿಂದಿನ ಹೊಲಿಗೆಯ ತುದಿಗೆ ಮರಳುವುದು) ಇಲ್ಲವೇ ಸ್ಟೆಮ್ ಸ್ಟಿಚ್ (ಹೊಲಿಗೆಗಳು ಹಗ್ಗದಂತೆ ಓರೆಯಾಗಿ ಕೂರುವುದು) ಹಾಕಿ, ಆರೆಳೆಯ ಕಸೂತಿ ದಾರದಲ್ಲಿ ಎರಡೋ ಮೂರೋ ಎಳೆ ಸಾಕು. ನೇರ ಗೆರೆಯಲ್ಲಿ ಹೊಲಿಗೆ 4 ಮಿಲಿಮೀಟರ್ ಇದ್ದರೂ ನಡೆಯುತ್ತದೆ, ತಿರುವಿನಲ್ಲಿ 2 ಮಿಲಿಮೀಟರಿಗೆ ಇಳಿಸಬೇಕು. ಇಲ್ಲದಿದ್ದರೆ 'ಅ' ಮೂಲೆಮೂಲೆಯಾಗುತ್ತದೆ. ಅಕ್ಷರದ ಎತ್ತರ ಮುಕ್ಕಾಲು ಇಂಚಿಗಿಂತ ಕಡಿಮೆಯಾದರೆ 'ಪ', 'ಷ' ನಡುವಿನ ವ್ಯತ್ಯಾಸ ಕಾಣುವುದಿಲ್ಲ. ಒತ್ತಕ್ಷರಗಳಿಗೆ ಜಾಗ ಬೇಕಾದ್ದರಿಂದ ಸಾಲಿಂದ ಸಾಲಿಗೆ ಒಂದೂವರೆ ಇಂಚು ಬಿಡಿ. ತಲೆಕಟ್ಟನ್ನು ಕಡೆಗೆ ಹೊಲಿದರೆ ಎಲ್ಲವೂ ಒಂದೇ ಎತ್ತರದಲ್ಲಿ ಕೂರುತ್ತವೆ.

ತೀರಿಕೊಂಡವರ ಕೈಬರಹ ಸಿಕ್ಕರೆ, ಒಂದು ಕಾಗದದ ಸಹಿಯೋ ಸಾಮಾನಿನ ಪಟ್ಟಿಯೋ, ಅದನ್ನೇ ದೊಡ್ಡದು ಮಾಡಿ ಮುದ್ರಿಸಿ, ಕಿಟಕಿಯ ಗಾಜಿಗೆ ಹಿಡಿದು ಪೆನ್ಸಿಲಿನಲ್ಲಿ ಬಟ್ಟೆಗೆ ಇಳಿಸಿ. ಅಚ್ಚುಕಟ್ಟಾದ ಅಕ್ಷರಕ್ಕಿಂತ ಅದು ಹೆಚ್ಚು ಮಾತಾಡುತ್ತದೆ.

ಕಸೂತಿ ಹಾಕಬಹುದೇ?

ಹಾಕಬಹುದು. ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು ಇವೆಲ್ಲ ಕಸೂತಿಯಲ್ಲಿ ಮೊದಲಿನಿಂದಲೂ ಇರುವ ಚಿತ್ರಗಳು. ಹುಟ್ಟಿದ ಮಗುವಿಗೆ ತೊಟ್ಟಿಲು, ಊರಿಗೆ ತೇರು ಎಂದು ಅವುಗಳಿಂದಲೇ ಕಥೆ ಕಟ್ಟಬಹುದು. ಕಸೂತಿಯ ಹೊಲಿಗೆಗಳು ನಾಲ್ಕು: ಗವಂತಿ, ಮುರ್ಗಿ, ನೇಗಿ, ಮೆಂತೆ. ಗವಂತಿ ಮತ್ತು ಮುರ್ಗಿ ಎರಡೂ ಮಗ್ಗುಲಿಗೆ ಒಂದೇ ರೀತಿ ಕಾಣಬೇಕು, ಗಂಟು ಹಾಕುವಂತಿಲ್ಲ. ನೇಗಿ ನೇಯ್ಗೆಯಂತೆ ಕಾಣುತ್ತದೆ, ಮೆಂತೆ ಜಾಗ ತುಂಬುತ್ತದೆ. ನಾಲ್ಕಕ್ಕೂ ಬಟ್ಟೆಯ ನೂಲು ಎಣಿಸಿ ಹೊಲಿಯಬೇಕಾದ್ದರಿಂದ ನೂಲು ಕಣ್ಣಿಗೆ ಕಾಣುವ ಬಟ್ಟೆ ಆರಿಸಿ. ಸವೆದ ಸೀರೆಯಲ್ಲಿ ಎಣಿಕೆ ತಪ್ಪುತ್ತದೆ.

ಮಶೀನಿನಲ್ಲಿ ಹೊಲಿದರೆ ತಪ್ಪೇ?

ತಪ್ಪಲ್ಲ. ಮೇಲಿನ ತುಂಡುಗಳನ್ನು ಮಶೀನಿನಲ್ಲಿ ಜೋಡಿಸಿಕೊಂಡು ಸಾಲು ಹೊಲಿಗೆಯನ್ನು ಕೈಯಲ್ಲಿ ಹಾಕುವವರಿದ್ದಾರೆ. ಆಗ ನಡುವಿನಿಂದ ಹೊರಕ್ಕೆ ಹೊಲಿಯಬೇಕು. ಸಾಲುಗಳನ್ನೂ ಮಶೀನಿನಲ್ಲೇ ಹಾಕಿದರೆ ಸವೆದ ಬಟ್ಟೆ ಸೂಜಿಯ ತೂತಿನ ಸಾಲಿನಲ್ಲೇ ಹರಿಯುವುದುಂಟು. ಹೊದಿಕೆ ಬಿರುಸಾಗುವುದಂತೂ ಖಂಡಿತ.

ಮನೆಯ ದುಃಖ, ಜಗಳ, ಗುಟ್ಟು ಇವೂ ಬರಬೇಕೇ?

ಬರಲೇಬೇಕೆಂದಿಲ್ಲ. ಹೊಲಿಯುತ್ತಿರುವ ನಿಮ್ಮದೇ ದುಃಖವಾದರೆ ಅದು ನಿಮಗೆ ಬಿಟ್ಟದ್ದು. ಬದುಕಿರುವ ಇನ್ನೊಬ್ಬರದಾದರೆ ಅವರ ಒಪ್ಪಿಗೆ ಬೇಕು. ಹೇಳಬೇಕು, ಆದರೆ ಎಲ್ಲರಿಗೂ ಅಲ್ಲ ಎನ್ನುವುದಕ್ಕೆ ಕೌದಿಯಲ್ಲಿ ಜಾಗವಿದೆ: ಒಳಪದರ. ಆ ಬಟ್ಟೆಯನ್ನು ಅಲ್ಲಿಟ್ಟು ಮೇಲೆ ಬೇರೆ ತುಂಡು ಹೊಲಿಯಿರಿ. ತೀರಾ ಹತ್ತಿರದ ಸಾವಾದರೆ ಬಟ್ಟೆ ಕತ್ತರಿಸಲು ಅವಸರ ಬೇಡ. ಒಗೆದು ಮಡಚಿಡಿ, ಕೈ ತಾನಾಗಿ ಕತ್ತರಿ ಹಿಡಿಯುವ ದಿನ ಬರುತ್ತದೆ.

ಬರೆದಿಡುವುದು ಹೇಗೆ? ಏನೇನು ಬರೆಯಬೇಕು?

ಕೌದಿಯ ನಕ್ಷೆ ಬರೆದು ಪ್ರತಿ ತುಂಡಿಗೂ ಸಂಖ್ಯೆ ಕೊಡಿ: ಸುತ್ತು 2, ತುಂಡು 17 ಎಂಬಂತೆ. ನೋಟ್‌ಬುಕ್ಕಿನಲ್ಲಿ ಆ ಸಂಖ್ಯೆಯ ಎದುರು ಯಾರದು, ಸುಮಾರು ಯಾವ ವರ್ಷದ್ದು, ಎಲ್ಲಿ ಕೊಂಡದ್ದು, ಯಾರು ಕೊಟ್ಟದ್ದು, ಎಲ್ಲಿ ಹರಿಯಿತು ಎಂದು ಬರೆಯಿರಿ. ಹಿರಿಯರನ್ನು ಕೇಳುವಾಗ "ನಿಮ್ಮ ಜೀವನದ ಕಥೆ ಹೇಳಿ" ಎಂದರೆ ಯಾರೂ ಹೇಳುವುದಿಲ್ಲ. ಸೀರೆಯನ್ನು ಅವರ ಕೈಗೆ ಕೊಟ್ಟು "ಇದನ್ನು ಮೊದಲು ಉಟ್ಟದ್ದು ಎಂದು?" ಎಂದು ಕೇಳಿ, ಫೋನಿನಲ್ಲಿ ಧ್ವನಿ ಹಿಡಿದುಕೊಳ್ಳಿ, ನಡುವೆ ಬಾಯಿ ಹಾಕಬೇಡಿ.

ನೋಟ್‌ಬುಕ್ ಕಳೆದುಹೋಗಬಹುದು, ಫೋನು ಕೆಡಬಹುದು. ಆದ್ದರಿಂದ ಕೌದಿಯ ಹಿಂದೆ, ಕೆಳಮೂಲೆಯಲ್ಲಿ ಅಂಗೈಯಗಲದ ಬಿಳಿ ಹತ್ತಿ ಪಟ್ಟಿ ಇರಲೇಬೇಕು: ಹೊಲಿದವರ ಹೆಸರು, ಊರು, ವರ್ಷ, ಯಾರ ಬಟ್ಟೆಗಳು, ಯಾರಿಗಾಗಿ. ಪೆನ್ನಿನಲ್ಲಿ ಬರೆದದ್ದು ಒಗೆದಂತೆ ಮಾಸುತ್ತದೆ, ದಾರದಲ್ಲೇ ಹೊಲಿಯಿರಿ. ಚಿಲಿಯ ಹೆಂಗಸರಂತೆ ಹಿಂದೊಂದು ಜೇಬು ಹೊಲಿದರೆ ಮುಖ್ಯವಾದ ನಾಲ್ಕೈದು ತುಂಡುಗಳ ವಿವರವನ್ನು ಬಟ್ಟೆಯ ಮೇಲೆ ಹೊಲಿದು ಅದರೊಳಗೂ ಇಡಬಹುದು.

ಹೊಲಿಯಲು ಬರುವುದಿಲ್ಲ. ಬೇರೆಯವರಿಂದ ಹೊಲಿಸಬಹುದೇ?

ಧಾರಾಳವಾಗಿ. ಬೇರೆಯವರ ಮನೆಯ ಬಟ್ಟೆ ತಂದು ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳು ಹಿಂದಿನಿಂದಲೂ ಇದ್ದಾರೆ. ಬಟ್ಟೆ ಕೊಡುವ ಮುಂಚೆ ಒಗೆದು, ಫೋಟೊ ತೆಗೆದು, ಪ್ರತಿಯೊಂದಕ್ಕೂ ಚೀಟಿ ಹೊಲಿದು, ನಡುವೆ ಯಾವುದು ಬರಬೇಕೆಂದು ತಿಳಿಸಿ. ಕೂಲಿಯನ್ನು ತಾಸಿನ ಲೆಕ್ಕದಲ್ಲಿ ಮಾತಾಡಿ; 50 ತಾಸಿನ ಕೆಲಸವನ್ನು ಹಳೆ ಬಟ್ಟೆಯ ಬೆಲೆಗೆ ಕೇಳುವುದು ಅನ್ಯಾಯ. ಹಿಂದಿನ ಪಟ್ಟಿಯಲ್ಲಿ ಅವರ ಹೆಸರೂ ಇರಲಿ.

ಒಗೆಯುವುದು, ಇಡುವುದು, ಗೋಡೆಗೆ ಹಾಕುವುದು?

ತಣ್ಣೀರು, ಸ್ವಲ್ಪ ಸೋಪು, ದೊಡ್ಡ ಟಬ್ಬಿನಲ್ಲಿ ಕಾಲಿಂದ ಮೆಲ್ಲಗೆ ತುಳಿಯುವುದು. ಹಿಂಡಬೇಡಿ, ಮಡಚಿ ಒತ್ತಿ ನೀರು ತೆಗೆಯಿರಿ. ಒದ್ದೆ ಕೌದಿ ತುಂಬ ಭಾರ. ಒಂದೇ ಹಗ್ಗಕ್ಕೆ ಹಾಕಿದರೆ ಹೊಲಿಗೆ ಜಗ್ಗುತ್ತದೆ, ಎರಡು ಹಗ್ಗದ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಿ.

ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಒಳಗೇ ಬೂಸ್ಟು ಬರುತ್ತದೆ. ಬಿಳಿ ಪಂಚೆಯಲ್ಲಿ ಸುತ್ತಿ, ಉರುಳೆ ಮಾಡಿ ಇಡಿ. ಮಡಚಲೇಬೇಕಾದರೆ ಮೂರು ತಿಂಗಳಿಗೊಮ್ಮೆ ಮಡಿಕೆಯ ಜಾಗ ಬದಲಾಯಿಸಿ. ನುಸಿಗುಳಿಗೆ ಬಟ್ಟೆಗೆ ತಾಗಬಾರದು.

ಗೋಡೆಗೆ ಹಾಕುವುದಾದರೆ ಮೊಳೆ ಹೊಡೆಯಬೇಡಿ. ಹಿಂದೆ, ಮೇಲ್ತುದಿಯ ಉದ್ದಕ್ಕೂ 4 ಇಂಚು ಅಗಲದ ಕೊಳವೆಯಂತೆ ಬಟ್ಟೆ ಹೊಲಿದು ಅದರೊಳಗೆ ಕೋಲು ತೂರಿಸಿ. ಬಿಸಿಲು ನೇರ ಬೀಳುವ ಗೋಡೆ ಬೇಡ.

ಹರಿದರೆ?

ಹರಿದ ತುಂಡನ್ನು ಬಿಚ್ಚಿ ತೆಗೆಯಬೇಡಿ. ಸುತ್ತಲಿನ ಸಡಿಲ ನೂಲನ್ನು ಕತ್ತರಿಸಿ, ಅದರ ಮೇಲೆಯೇ ಒಂದಿಂಚು ದೊಡ್ಡದಾದ ಹೊಸ ತುಂಡನ್ನು ನಾಲ್ಕೂ ಬದಿ ಮಡಚಿ ಕೂರಿಸಿ, ಹಳೆಯ ಸಾಲಿನ ಜಾಡಿನಲ್ಲೇ ಹೊಲಿಯಿರಿ. ಹೊಸ ತುಂಡು ಆಗ ಮನೆಯಲ್ಲಿ ಯಾರದೋ ಹಳೆಯದಾದ ಬಟ್ಟೆಯಿಂದ ಬರಲಿ. ನಕ್ಷೆಯಲ್ಲಿ ಅದೇ ಸಂಖ್ಯೆಯ ಕೆಳಗೆ ಅವರ ಹೆಸರು, ಆ ವರ್ಷ ಬರೆಯಿರಿ.